ಗೊಣ್ಣೆಹುಳಕ್ಕೆ ಶ್ರಾವಣದಲ್ಲಿ ವಿಷ ಬೇಡ, ಭರಣಿ ಮಳೆಯಲ್ಲಿ ದುಂಬಿ ಹಿಡಿಯೋಣ

ಮಾನ್ಯ ಸಂಪಾದಕರೇ,

ಇನ್ನೊಂದು ವಾರಕ್ಕೆ ಅಶ್ವಿನಿ ಮಳೆ ಹುಟ್ಟುತ್ತದೆ, ಅದರ ಬೆನ್ನಿಗೇ ಭರಣಿ. ತುಮಕೂರಿನ ಬಡಾವಣೆಗಳಲ್ಲಿ ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸು ಬೆಳೆಸಿಕೊಂಡಿರುವ ನನ್ನಂಥವರು ವರ್ಷದಲ್ಲಿ ಎಚ್ಚರವಾಗಿರಬೇಕಾದ ಕಾಲ ಇದೇ. ಆದರೆ ಈಗ ಹುಲ್ಲು ಹಸಿರಾಗಿಯೇ ಇರುವುದರಿಂದ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಶ್ರಾವಣದಲ್ಲಿ ಅದು ಅಲ್ಲಲ್ಲಿ ಸುಟ್ಟಂತಾದ ಮೇಲೆ ಔಷಧಿ ಅಂಗಡಿಗೆ ಓಡುತ್ತೇವೆ. ಕಳೆದ ವರ್ಷ ನಾನೂ ಹಾಗೆ ಓಡಿದವಳೇ. ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳವನ್ನು ಒಂದೊಂದು ಮನೆಯವರು ಒಂದೊಂದು ಬಗೆಯ ವಿಷ ಸುರಿದು ಗೆಲ್ಲಲಾಗದು, ಬೀದಿಯವರೆಲ್ಲ ಸೇರಿ ಅದು ದುಂಬಿಯಾಗಿ ಹಾರುವ ಕೆಲವೇ ಸಂಜೆಗಳಲ್ಲಿ ಹಿಡಿಯಬೇಕು ಎಂಬುದು ಆ ಓಡಾಟದಿಂದ ನನಗೆ ತಿಳಿದ ಮಾತು. ಅದನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಲು ಈ ಪತ್ರ. ಕೊಂಚ ಉದ್ದವಾಗಿದೆ, ಮನ್ನಿಸಬೇಕು.

ನಮ್ಮ ಮನೆ ಕ್ಯಾತಸಂದ್ರದ ಕಡೆಯ ಒಂದು ಹೊಸ ಬಡಾವಣೆಯಲ್ಲಿದೆ. ಅಂಚೆ ಇಲಾಖೆಯಿಂದ ನಿವೃತ್ತಳಾದ ವರ್ಷ ಮನೆಯ ಮುಂದೆ ಇಪ್ಪತ್ತಕ್ಕೆ ಮೂವತ್ತಡಿ ಜಾಗದಲ್ಲಿ ಎರಡು ಟ್ರ್ಯಾಕ್ಟರ್ ಲೋಡು ಕೆಮ್ಮಣ್ಣು, ಅರ್ಧ ಲೋಡು ಕೊಟ್ಟಿಗೆ ಗೊಬ್ಬರ ಹಾಕಿಸಿ, ನರ್ಸರಿಯಿಂದ ಚಾಪೆಯಂತೆ ಸುತ್ತಿ ತಂದ ಹುಲ್ಲನ್ನು ಹಾಸಿಸಿದ್ದೆ. ಮೂರು ವರ್ಷ ಚೆನ್ನಾಗಿಯೇ ಇತ್ತು. ಕಳೆದ ವರ್ಷ ಆಷಾಢ ಕಳೆಯುವ ಹೊತ್ತಿಗೆ ಗೇಟಿನ ಪಕ್ಕದಲ್ಲಿ ಊಟದ ತಟ್ಟೆಯಗಲ ಹುಲ್ಲು ಹಳದಿಯಾಯಿತು. ನೀರು ಸಾಲದೇನೋ ಎಂದು ನೀರು ಹೆಚ್ಚಿಸಿದೆ. ಸತ್ವ ಸಾಲದೇನೋ ಎಂದು ಒಂದು ಹಿಡಿ ಯೂರಿಯಾ ಎರಚಿದೆ. ತಟ್ಟೆಯಗಲ ಇದ್ದದ್ದು ಮೊರದಗಲವಾಯಿತು. ಆಮೇಲೆ ಬೆಳಗಾಗುವಷ್ಟರಲ್ಲಿ ಗೊರವಂಕಗಳು ಬಂದು ಹುಲ್ಲಿನೊಳಗೆ ಕೊಕ್ಕು ಹಾಕಿ ಕೆದಕತೊಡಗಿದವು, ರಾತ್ರಿ ಹೆಗ್ಗಣ ಬಂದು ಗುಂಡಿ ತೋಡತೊಡಗಿತು. ಹುಲ್ಲು ಹಾಳುಮಾಡುತ್ತಿರುವುದು ಇವೇ ಎಂದು ನಾನು ಹೆಗ್ಗಣಕ್ಕೆ ಬೋನು ಇಟ್ಟದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅವು ಬಂದದ್ದು ಊಟಕ್ಕೆ. ಊಟ ಬಡಿಸಿದ್ದು ನನ್ನ ಹುಲ್ಲಿನ ಬುಡದಲ್ಲಿತ್ತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಪಾವಗಡದ ಕಡೆಯಿಂದ ನನ್ನ ತಮ್ಮ ಬಂದಿದ್ದ. ಅವನು ಇಂದಿಗೂ ಕಡಲೆಕಾಯಿ ಬೆಳೆಯುವವನು. ಒಳಗೆ ಬರುವ ಮೊದಲೇ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಒಣಗಿದ ಜಾಗದ ಅಂಚಿನಲ್ಲಿ ಹುಲ್ಲನ್ನು ಹಿಡಿಯಲ್ಲಿ ಹಿಡಿದು ಎಳೆದ. ನೆಲ ಬಿಗಿಹಿಡಿಯಬೇಕಾದ ಹುಲ್ಲು ಸುತ್ತಿದ ಚಾಪೆಯಂತೆ ಅವನ ಕೈಗೆ ಎದ್ದು ಬಂತು. ಕೆಳಗೆ ಒಂದೇ ಒಂದು ಬೇರಿಲ್ಲ. ಹುಡಿಯಾದ ಮಣ್ಣಿನಲ್ಲಿ ಬೆಣ್ಣೆಬಣ್ಣದ ದಪ್ಪ ಹುಳಗಳು ಕೊಕ್ಕೆಯಂತೆ ಮುದುರಿಕೊಂಡು ಬಿದ್ದಿದ್ದವು. ತಲೆ ಕಂದು, ಎದೆಯ ಬಳಿ ಮೂರು ಜೊತೆ ಕಾಲು, ಬಾಲದ ತುದಿಯಲ್ಲಿ ತಿಂದ ಮಣ್ಣು ಚರ್ಮದ ಮೂಲಕವೇ ಕಪ್ಪಗೆ ಕಾಣುತ್ತಿತ್ತು. "ಗೊಣ್ಣೆಹುಳ ಕಣಕ್ಕ, ನಮ್ಮ ಹೊಲದ್ದೇ. ನಿನ್ನ ಮನೆಗೂ ಬಂತಾ?" ಎಂದ. ಒಂದಡಿ ಉದ್ದ ಒಂದಡಿ ಅಗಲದ ಜಾಗವನ್ನು ನಾಲ್ಕು ಬೆರಳು ಆಳಕ್ಕೆ ಅಗೆದು ಎಣಿಸಿದೆವು, ಹದಿನಾಲ್ಕು ಇದ್ದವು. ಎರಡು ಮೂರು ಇದ್ದರೆ ಗಟ್ಟಿಯಾದ ಹುಲ್ಲು ತಡೆದುಕೊಳ್ಳುತ್ತದೆ, ಎಂಟು ಹತ್ತು ದಾಟಿತೆಂದರೆ ತಡೆಯಲಾರದು. ಓದುಗರು ಔಷಧಿಯ ಮಾತು ಎತ್ತುವ ಮುನ್ನ ಹೀಗೆ ಮೂರು ನಾಲ್ಕು ಕಡೆ ಒಂದೊಂದು ಚದರಡಿ ಅಗೆದು ಎಣಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಹುಲ್ಲು ಹಳದಿಯಾದದ್ದೆಲ್ಲ ಹುಳದಿಂದಲೇ ಆಗಿರಬೇಕಾಗಿಲ್ಲ. ಎಳೆದಾಗ ಬೇರು ಸಮೇತ ಬಿಗಿಯಾಗಿ ನಿಂತರೆ ಕಾರಣ ಬೇರೆ.

ಹಾಗೆಯೇ ಬಿಳಿಯ ಹುಳ ಕಂಡ ಕೂಡಲೇ ಹೌಹಾರಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ತಿಪಟೂರು, ತುರುವೇಕೆರೆ ಕಡೆಯ ತೆಂಗಿನವರಿಗೆ ತಿಪ್ಪೆಯಲ್ಲಿ ಬೆಳೆಯುವ ಹೆಬ್ಬೆರಳು ಗಾತ್ರದ ಹುಳ ಗೊತ್ತು. ಅದು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ, ಅದರ ಊಟ ಕೊಳೆತ ಗೊಬ್ಬರ, ಹುಲ್ಲಿನ ಬೇರಲ್ಲ. ಹೂಕುಂಡ, ಎಲೆಗೊಬ್ಬರದ ಗುಂಡಿಗಳಲ್ಲಿ ಸಿಗುವ ಇನ್ನೊಂದು ಜಾತಿಯದನ್ನು ಗುರುತಿಸುವುದು ಬಹಳ ಸುಲಭ: ಹುಳವನ್ನು ಸಿಮೆಂಟ್ ನೆಲದ ಮೇಲೆ ಬಿಡಿ, ಅದು ಕಾಲುಗಳನ್ನು ಆಕಾಶಕ್ಕೆ ಮಾಡಿ ಬೆನ್ನ ಮೇಲೆ ತೆವಳಿಕೊಂಡು ಹೊರಟರೆ ಅದು ಹೂದುಂಬಿಯ ಮರಿ, ಕಸವನ್ನು ಗೊಬ್ಬರ ಮಾಡುವ ಕೆಲಸದಲ್ಲಿರುತ್ತದೆ, ಹಾಗೇ ಗುಂಡಿಗೆ ಬಿಟ್ಟುಬಿಡಬಹುದು. ಬೇರು ತಿನ್ನುವ ಗೊಣ್ಣೆಹುಳ ಹೀಗೆ ತೆವಳುವುದಿಲ್ಲ, ಪಕ್ಕಕ್ಕೆ ಬಿದ್ದು ಮುದುರಿಕೊಳ್ಳುತ್ತದೆ. ನನ್ನ ಮೊಮ್ಮಗಳು ಈ ಪರೀಕ್ಷೆಯನ್ನು ಒಂದು ಭಾನುವಾರವೆಲ್ಲ ನಡೆಸಿ ಮನೆಮಂದಿಗೆಲ್ಲ ತೋರಿಸಿದಳು.

ಇನ್ನು ಅಂಗಡಿಯ ವಿಚಾರ. ನಾನು ಹೋದ ಅಂಗಡಿಯ ಹೆಸರು ಇಲ್ಲಿ ಬೇಡ. ಗೊಣ್ಣೆಹುಳ ಎಂದ ಕೂಡಲೇ ಅಲ್ಲಿದ್ದವರು ಒಳಗಿನಿಂದ ಬಿಳಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಹರಳುಗಳನ್ನು ತಂದು, "ಹಳೇ ಸ್ಟಾಕು ಮೇಡಂ, ಇದಕ್ಕಿರೋ ಪವರ್ ಈಗಿನ ಯಾವುದಕ್ಕೂ ಇಲ್ಲ" ಎಂದರು. ಕವರಿನ ಮೇಲೆ ಹೆಸರಿಲ್ಲ, ತಯಾರಿಕೆಯ ದಿನಾಂಕವಿಲ್ಲ, ವಿಷದ ಗುರುತಿನ ಬಣ್ಣದ ಚೌಕವಿಲ್ಲ. ಗಂಟು ಬಿಚ್ಚುವ ಮೊದಲೇ ಮೂಗಿಗೆ ಅಡರುವ ವಾಸನೆ ಮಾತ್ರ ಇತ್ತು. ಚೀಟಿಯೇ ಇಲ್ಲದ್ದರಿಂದ ಅದು ಇಂಥದ್ದೇ ಎಂದು ನಾನು ಹೇಳಲಾರೆ. ನಮ್ಮ ಕಡೆಯ ರೈತರು ದಶಕಗಳ ಕಾಲ ಗೊಣ್ಣೆಹುಳಕ್ಕೆ ಬಳಸುತ್ತಿದ್ದುದು ಫೋರೇಟ್ ಹರಳು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ಅದರ ತಯಾರಿಕೆ, ಮಾರಾಟ, ಬಳಕೆ ಎಲ್ಲವೂ ನಿಷಿದ್ಧವಾಗಿವೆ. ನಿಷೇಧದ ಮಾತು ಬದಿಗಿಟ್ಟರೂ, 1968ರ ಕೀಟನಾಶಕ ಕಾಯ್ದೆಯಡಿ ಯಾವ ಕೀಟನಾಶಕವನ್ನೂ ಹೀಗೆ ಚೀಟಿಯಿಲ್ಲದೆ ಬಿಡಿಯಾಗಿ ಕಟ್ಟಿ ಮಾರುವಂತಿಲ್ಲ. ಮಕ್ಕಳು ಬರಿಗಾಲಿನಲ್ಲಿ ಓಡಾಡುವ, ಬೆಕ್ಕು ಹೊರಳಾಡುವ, ಹತ್ತಡಿ ದೂರದಲ್ಲಿ ಕೊಳವೆಬಾವಿ ಇರುವ ಅಂಗಳಕ್ಕೆ ಅಂಥದ್ದನ್ನು ಎರಚಲು ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಬೀದಿಯ ಇನ್ನೊಂದು ಮನೆಯವರು ಅಂಥದೇ ಕವರು ತಂದು ಎರಚಿ ನೀರು ಬಿಟ್ಟರು. ಮೂರನೆಯ ದಿನ ಅವರ ಕಾಂಪೌಂಡಿನ ಪಕ್ಕ ಎರಡು ಗೊರವಂಕ ಸತ್ತು ಬಿದ್ದಿದ್ದವು. ಹರಳಿನಿಂದಲೇ ಸತ್ತವೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಆದರೆ ಆ ಹುಳಗಳನ್ನು ದಿನವೂ ಬಿಟ್ಟಿಯಾಗಿ ಹೆಕ್ಕಿ ಕೊಡುತ್ತಿದ್ದವು ಅವೇ ಹಕ್ಕಿಗಳು. ಅವರ ಹುಲ್ಲು ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು.

ಉಳಿಯದ್ದಕ್ಕೆ ಕಾರಣವಿದೆ, ಅದನ್ನು ತಿಳಿಯಲು ಈ ಹುಳದ ವರ್ಷದ ಲೆಕ್ಕ ತಿಳಿಯಬೇಕು. ನಮ್ಮ ಬಯಲುಸೀಮೆಯ ಸಾಮಾನ್ಯ ಗೊಣ್ಣೆಹುಳ ವರ್ಷಕ್ಕೆ ಒಂದೇ ತಲೆಮಾರು ಬೆಳೆಯುವ ಜೀವಿ. ಬೇಸಿಗೆಯಿಡೀ ನೆಲದೊಳಗೆ ಮಣ್ಣಿನ ಗೂಡಿನಲ್ಲಿ ಅಡಗಿರುವ ಕಂದು ದುಂಬಿ, ಏಪ್ರಿಲ್-ಮೇ ತಿಂಗಳ ಮೊದಲ ಹದವಾದ ಮಳೆ ಬಿದ್ದು ನೆಲ ನೆನೆದ ಸಂಜೆ ಹೊರಬರುತ್ತದೆ. ಕತ್ತಲಾಗುತ್ತಿದ್ದಂತೆ, ಏಳು ಏಳೂವರೆಯ ಹೊತ್ತಿಗೆ, ಗುಂಯ್‌ಗುಡುತ್ತ ಹಾರಿ ಬೇವು, ಜಾಲಿ, ಬೋರೆ, ನುಗ್ಗೆ ಮರಗಳಿಗೆ ಮುತ್ತಿ, ಅಲ್ಲೇ ಜೋಡಿಯಾಗಿ, ರಾತ್ರಿಯೆಲ್ಲ ಎಲೆ ತಿಂದು, ಬೆಳಗಾಗುವ ಮೊದಲೇ ಮತ್ತೆ ಮಣ್ಣಿಗಿಳಿಯುತ್ತದೆ. ಹೆಣ್ಣು ದುಂಬಿ ತೇವವಿರುವ ಸಡಿಲ ಮಣ್ಣನ್ನು ಹುಡುಕಿ ಕೆಲವು ಬೆರಳು ಆಳದಲ್ಲಿ ಸಣ್ಣ ಸಬ್ಬಕ್ಕಿ ಕಾಳಿನಂಥ ಹತ್ತಾರು ಮೊಟ್ಟೆಗಳನ್ನಿಡುತ್ತದೆ. ಸುತ್ತಲ ಖಾಲಿ ನಿವೇಶನಗಳೆಲ್ಲ ಕಾದ ಹೆಂಚಿನಂತಿರುವ ಮೇ ತಿಂಗಳಲ್ಲಿ ದಿನವೂ ನೀರುಂಡು ತಂಪಾಗಿರುವ ನೆಲ ಬೀದಿಯಲ್ಲಿ ಯಾವುದು? ನಮ್ಮ ಹುಲ್ಲುಹಾಸೇ. ಮೊಟ್ಟೆ ಒಂದೆರಡು ವಾರದಲ್ಲಿ ಒಡೆಯುತ್ತದೆ. ಮರಿ ಮೊದಲು ಮಣ್ಣಿನ ಕೊಳೆತ ಸತ್ವವನ್ನೂ ಎಳೆಬೇರನ್ನೂ ತಿಂದು, ಎರಡು ಸಲ ಪೊರೆ ಕಳಚಿ, ಮೂರನೆಯ ಹಂತಕ್ಕೆ ಬಂದ ಮೇಲೆ ಹೊಟ್ಟೆಬಾಕನಾಗುತ್ತದೆ. ಹುಲ್ಲು ಹಳದಿಯಾಗಿ ನಮಗೆ ಗೊತ್ತಾಗುವುದು ಆಗಲೇ. ಆ ಗಾತ್ರದ ಹುಳಕ್ಕೆ ಮೇಲಿನಿಂದ ಎರಚಿದ ವಿಷ ಅಷ್ಟಾಗಿ ನಾಟುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಅದು ತಾನಾಗಿಯೇ ತಿನ್ನುವುದನ್ನು ಬಿಟ್ಟು ಆಳಕ್ಕಿಳಿದು ಕೋಶವಾಗುತ್ತದೆ, ಕೋಶದಿಂದ ದುಂಬಿಯಾಗಿ ಮುಂದಿನ ಮುಂಗಾರಿಗೆ ಕಾಯುತ್ತದೆ. ದೀಪಾವಳಿಯಲ್ಲಿ ವಿಷ ಹಾಕಿ "ಹುಳ ಹೋಯಿತು" ಎಂದು ನೆಮ್ಮದಿಪಡುವವರು, ಹಾಕದಿದ್ದರೂ ಹೋಗುತ್ತಿದ್ದ ಹುಳಕ್ಕೆ ದುಡ್ಡು ಕೊಟ್ಟಿರುತ್ತಾರೆ.

ಮೊಬೈಲಿನಲ್ಲಿ ಸಿಗುವ ಸಲಹೆಗಳ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ. ನನ್ನ ಮಗ ಬೆಂಗಳೂರಿನಿಂದ ಕಳುಹಿಸಿದ ವಿಡಿಯೊಗಳೆಲ್ಲ ಅಮೆರಿಕದವು. ಅಲ್ಲಿನ ಹುಲ್ಲುಹಾಸುಗಳ ಪ್ರಸಿದ್ಧ ಶತ್ರು ಜಪಾನಿ ದುಂಬಿ. 1916ರಲ್ಲಿ ನ್ಯೂಜೆರ್ಸಿಯಲ್ಲಿ ಮೊದಲು ಕಂಡುಬಂದ ಅದರ ಮರಿ ಹಿಮದ ಚಳಿಗಾಲವನ್ನು ಹುಳವಾಗಿಯೇ ನೆಲದೊಳಗೆ ಕಳೆದು ವಸಂತದಲ್ಲಿ ಮತ್ತೆ ಮೇಲೆ ಬಂದು ಬೇರು ತಿನ್ನುತ್ತದೆ. ಹೀಗಾಗಿ ಅವರ ಪಂಚಾಂಗ ಬೇರೆ. ಆ ಹುಳಕ್ಕೆ ಹಾಲುಬಣ್ಣದ ರೋಗ ತರಿಸುವ ಒಂದು ಬ್ಯಾಕ್ಟೀರಿಯಾ ಪುಡಿಯನ್ನು ಅವರು ಹೊಗಳುತ್ತಾರೆ, ಅದು ಮುಖ್ಯವಾಗಿ ಆ ಜಾತಿಯ ಹುಳಕ್ಕೇ ಹೇಳಿ ಮಾಡಿಸಿದ್ದು. ಅಲ್ಲಿಯ ಏಪ್ರಿಲ್‌ನ ಕೆಲಸವನ್ನು ಇಲ್ಲಿಯ ಏಪ್ರಿಲ್‌ನಲ್ಲಿ ಮಾಡಿದರೆ, ಹುಳವೇ ಇಲ್ಲದ ಮಣ್ಣಿಗೆ ಔಷಧಿ ಹಾಕಿದಂತಾಗುತ್ತದೆ. ನಮಗೆ ಬೇಕಾದ ಪಂಚಾಂಗ ನಮ್ಮ ಮಳೆ ನಕ್ಷತ್ರಗಳಲ್ಲೇ ಇದೆ.

ಹಾಗಾದರೆ ಹುಳ ಆಗಲೇ ಬಿದ್ದಿದ್ದರೆ ಏನೂ ಮಾಡುವಂತಿಲ್ಲವೇ ಎಂದರೆ, ಇದೆ. ನಾನು ಮಾಡಿದ್ದನ್ನೇ ಹೇಳುತ್ತೇನೆ. ಮೊದಲು ಬೇರು ಕಳೆದುಕೊಂಡ ಜಾಗವನ್ನೆಲ್ಲ ಸಣ್ಣ ಗುದ್ದಲಿಯಿಂದ ಬಿಡಿಸಿ, ಕೈಗೆ ಸಿಕ್ಕ ಹುಳಗಳನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕಿದೆವು. ಉಳಿದದ್ದಕ್ಕೆ ಬೆಳಗಿನ ಹೊತ್ತು ಮಣ್ಣು ತೆರೆದಿಟ್ಟು ಗೊರವಂಕ, ಬೆಳ್ಳಕ್ಕಿಗಳಿಗೆ ದಾರಿ ಬಿಟ್ಟೆವು. ಪರಿಚಯದ ಕೃಷಿ ಪದವೀಧರ ಹುಡುಗನೊಬ್ಬ ಜಂತುಹುಳದ ಪುಡಿ ತರಿಸಿಕೊಟ್ಟ. ಜಂತುಹುಳ ಎಂದರೆ ಗಾಬರಿ ಬೇಡ. ಇವು ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳಗಳು, ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಅಂಟುವಂಥವಲ್ಲ. ಹೆಟೆರೊರ‍್ಯಾಬ್ಡಿಟಿಸ್ ಇಂಡಿಕಾ ಎಂಬ ಈ ಜಾತಿಯನ್ನು 1992ರಲ್ಲಿ ವಿಜ್ಞಾನಿಗಳು ಹೊಸದಾಗಿ ವಿವರಿಸಿದ್ದು ನಮ್ಮ ಪಕ್ಕದ ಕೊಯಮತ್ತೂರಿನ ಮಣ್ಣಿನಿಂದ, ಆದ್ದರಿಂದ ಸೆಖೆ ಅದಕ್ಕೆ ಒಗ್ಗುತ್ತದೆ. ಗೊಣ್ಣೆಹುಳಕ್ಕೆಂದೇ ಇದರ ಪುಡಿಯನ್ನು ಸಿದ್ಧಪಡಿಸಿದ್ದು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ. ಇದು ಗೊಣ್ಣೆಹುಳದ ಬಾಯಿಯಿಂದಲೋ ಉಸಿರಾಟದ ರಂಧ್ರದಿಂದಲೋ ಒಳಹೊಕ್ಕು, ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಅದರ ರಕ್ತಕ್ಕೆ ಬಿಡುತ್ತದೆ. ಹುಳ ಎರಡು ಮೂರು ದಿನದಲ್ಲಿ ಸಾಯುತ್ತದೆ. ನಾಲ್ಕನೆಯ ದಿನ ನಾನು ಅಗೆದು ನೋಡಿದಾಗ ಬೆಣ್ಣೆಬಣ್ಣದ ಹುಳಗಳು ಹಳೆಯ ಇಟ್ಟಿಗೆಯ ಕೆಂಪಿಗೆ ತಿರುಗಿ ಮೆತ್ತಗಾಗಿದ್ದವು, ಆದರೆ ಕೊಳೆತ ನಾತವಿರಲಿಲ್ಲ. ಆ ಹೆಣದೊಳಗೆ ಹೊಸ ಜಂತುಹುಳಗಳು ಲೆಕ್ಕವಿಲ್ಲದಷ್ಟು ಹುಟ್ಟಿ ಪಕ್ಕದ ಹುಳವನ್ನು ಹುಡುಕಿ ಹೋಗುತ್ತವೆ. ಜೀವವಿರುವ ಔಷಧಿಯಾದ್ದರಿಂದ ಇದಕ್ಕೆ ಬಿಸಿಲು ಆಗದು: ನೆಲ ಚೆನ್ನಾಗಿ ನೆನೆಸಿ, ಸಂಜೆ ಸೂರ್ಯ ಮುಳುಗಿದ ಮೇಲೆ ಪ್ಯಾಕೆಟ್ಟಿನ ಮೇಲಿನ ಪ್ರಮಾಣದಂತೆ ನೀರಿನಲ್ಲಿ ಕಲಸಿ ಹುಯ್ದು, ಮತ್ತೆ ಒಂದು ಸುತ್ತು ನೀರು ಬಿಡಬೇಕು, ಎರಡು ವಾರ ಮಣ್ಣು ಒಣಗಬಾರದು.

ಹುಳ ಚಿಕ್ಕದಿರುವ ಜೂನ್-ಜುಲೈ ತಿಂಗಳಲ್ಲಿಯೇ ಹಾಕಿದ್ದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿತ್ತಂತೆ. ನಾನು ಹಾಕಿದ್ದು ತಡವಾಗಿ, ಹಾಗಾಗಿ ಚದರಡಿಗೆ ಹದಿನಾಲ್ಕು ಇದ್ದದ್ದು ಐದಕ್ಕೆ ಇಳಿಯಿತೇ ಹೊರತು ಪೂರಾ ಹೋಗಲಿಲ್ಲ. ಮೆಟಾರೈಜಿಯಂ ಎಂಬ ಹಸಿರು ಬೂಷ್ಟಿನ ಪುಡಿಯೂ ಸಿಗುತ್ತದೆ. ಅದನ್ನು ಪೂರಾ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗಳ ಜೊತೆ ಬೆರೆಸಿ, ನೆರಳಿನಲ್ಲಿ ತೇವವಾಗಿ ಒಂದೆರಡು ವಾರ ಇಟ್ಟು, ಮುಂಗಾರು ಹಿಡಿದ ಮೇಲೆ ಹುಲ್ಲಿನ ಮೇಲೆ ತೆಳುವಾಗಿ ಹರಡುವ ಪದ್ಧತಿ ನನ್ನ ತಮ್ಮನ ಹೊಲದಲ್ಲೂ ಇದೆ. ಶಿಲೀಂಧ್ರನಾಶಕ ಸಿಂಪಡಿಸಿದ ಜಾಗಕ್ಕೆ ಇದನ್ನು ಹಾಕಬಾರದು, ಇದೂ ಒಂದು ಶಿಲೀಂಧ್ರವೇ. ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ: ಅರೆಬರೆ ಕಳಿತ ತಿಪ್ಪೆಗೊಬ್ಬರದ ಜೊತೆಗೇ ಹುಳ ಮನೆಗೆ ಬರುತ್ತದೆ. ಲೋಡು ಇಳಿಸಿದ ದಿನವೇ ಹರಡಿ ಬಿಸಿಲಿಗಿಟ್ಟು, ಕೈಯಾಡಿಸಿ ನೋಡಿ ಬಳಸಬೇಕು. ಸುತ್ತಿ ತರುವ ಹುಲ್ಲಿನ ಹಾಸನ್ನೂ ಒಮ್ಮೆ ಮಗುಚಿ ನೋಡಿಯೇ ದುಡ್ಡು ಕೊಡಬೇಕು.

ಇವೆಲ್ಲ ಬಿದ್ದ ಮೇಲಿನ ಮದ್ದು. ನನ್ನ ಪತ್ರದ ಮುಖ್ಯ ವಿಷಯ ಭರಣಿಯದು. ನಾವು ಚಿಕ್ಕವರಿದ್ದಾಗ ಮೊದಲ ಮಳೆ ಬಿದ್ದ ಸಂಜೆ ನಮ್ಮಪ್ಪ ಲಾಟೀನು ಹಿಡಿದು ಹೊಲದ ಬದುವಿನ ಬೇವಿನ ಮರದ ಕೆಳಗೆ ನಮ್ಮನ್ನು ಕರೆದೊಯ್ಯುತ್ತಿದ್ದರು. ಹಳೆಯ ದುಪ್ಪಟಿ ಹಾಸಿ ಕೊಂಬೆ ಅಲುಗಿಸಿದರೆ ದುಂಬಿಗಳು ಆಲಿಕಲ್ಲಿನಂತೆ ತಪತಪನೆ ಉದುರುತ್ತಿದ್ದವು. ಗಾಳಿಯೇ ಇಲ್ಲದ ಆ ರಾತ್ರಿ ಮರದ ಮೇಲೆ ಸಣ್ಣ ಮಳೆ ಹನಿಯುವಂಥ ಸದ್ದು ಕೇಳಿಸುತ್ತಿತ್ತು. ಅದು ಸಾವಿರಾರು ಬಾಯಿಗಳು ಎಲೆ ತಿನ್ನುವ ಸದ್ದು. ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಸುರಿಯುವುದು ನಮ್ಮ ಕೆಲಸವಾಗಿತ್ತು, ಬಹುಮಾನ ಒಂದು ಹಿಡಿ ಹುರಿದ ಕಡಲೆಕಾಯಿ. ಆಗ ಹಿಡಿದ ಒಂದೊಂದು ಹೆಣ್ಣು ದುಂಬಿಯಿಂದ ಆಷಾಢದ ಹೊತ್ತಿಗೆ ಹತ್ತಾರು ಗೊಣ್ಣೆಹುಳ ಕಡಿಮೆಯಾಗುತ್ತಿತ್ತು ಎಂಬ ಲೆಕ್ಕ ಈಗ ಅರ್ಥವಾಗುತ್ತಿದೆ. ಇದೇ ಉಪಾಯವನ್ನು ಕೃಷಿ ವಿಜ್ಞಾನಿಗಳೂ ಊರಿಗೆ ಊರೇ ಸೇರಿ ಮಾಡಬೇಕಾದ ಕೆಲಸವೆಂದು ಹೇಳುತ್ತ ಬಂದಿದ್ದಾರೆ.

ಬಡಾವಣೆಯಲ್ಲಿ ಇದು ಹೊಲಕ್ಕಿಂತ ಸುಲಭ. ನಮ್ಮ ಬೀದಿಯಲ್ಲಿ ಹನ್ನೆರಡು ಮನೆ, ಅದರಲ್ಲಿ ಐದಕ್ಕೆ ಹುಲ್ಲುಹಾಸು. ಆದರೆ ಬೇವಿನ ಮರ ಮೂರು, ನುಗ್ಗೆ ಎರಡು, ಅಷ್ಟೇ. ಬೀದಿಯ ದುಂಬಿಗಳು ಹೋಗಿ ಸೇರಬೇಕಾದದ್ದು ಆ ಐದು ಮರಕ್ಕೆ. ನಾನೊಬ್ಬಳು ನನ್ನ ಅಂಗಳಕ್ಕೆ ಎಷ್ಟು ಔಷಧಿ ಹಾಕಿದರೂ, ಎದುರು ಮನೆಯ ಹುಲ್ಲಿನಲ್ಲಿ ಬೆಳೆದ ದುಂಬಿ ರಸ್ತೆಯ ಬೇವಿನಲ್ಲಿ ಉಂಡು ನನ್ನ ಒದ್ದೆ ನೆಲಕ್ಕೇ ಬಂದು ಮೊಟ್ಟೆಯಿಡುತ್ತದೆ. ಹದವಾದ ಮೊದಲ ಮಳೆಯಿಂದ ಮೊದಲುಗೊಂಡು ಮೂರು ವಾರದೊಳಗೆ, ಮಳೆಯಾದ ಸಂಜೆಗಳಂದು ಏಳೂವರೆಯಿಂದ ಒಂಬತ್ತರವರೆಗೆ ದೋಟಿಯಿಂದ ಕೊಂಬೆ ಅಲುಗಿಸಿ, ಕೆಳಗೆ ಟಾರ್ಪಾಲು ಹಾಸಿ ಹಿಡಿದರೆ ಸಾಕು. ಬಲ್ಬಿನ ಕೆಳಗೆ ನೀರಿನ ಟಬ್ಬು ಇಡುವುದೂ ಒಳ್ಳೆಯದೇ, ಆದರೆ ಎಲ್ಲ ಜಾತಿಯ ದುಂಬಿಯೂ ಬೆಳಕಿಗೆ ಬರುವುದಿಲ್ಲ. ನಮ್ಮ ಕಡೆಯ ಮುಖ್ಯ ಜಾತಿ ದೀಪಕ್ಕಿಂತ ಬೇವಿನ ಎಲೆಗೇ ಹೆಚ್ಚು ಒಲಿಯುತ್ತದೆ. ಆ ಮೂರು ವಾರ ಹುಲ್ಲಿಗೆ ದಿನನಿತ್ಯ ನೀರು ಬಿಡುವುದನ್ನು ನಿಲ್ಲಿಸಿ, ಬಾಡುವ ಹಂತಕ್ಕೆ ಬಂದಾಗ ಮಾತ್ರ ಬಿಟ್ಟರೆ ಮೊಟ್ಟೆಯಿಡಲು ಬರುವ ದುಂಬಿಯೂ ಕಡಿಮೆಯಾಗುತ್ತದೆ. ಹುಲ್ಲನ್ನು ಬೋಳಾಗಿ ಕತ್ತರಿಸದೆ ಎರಡೂವರೆ ಮೂರು ಅಂಗುಲ ಬಿಟ್ಟರೆ ಬೇರು ಆಳಕ್ಕೆ ಇಳಿದು, ನಾಲ್ಕು ಹುಳ ತಿಂದರೂ ತಡೆದುಕೊಳ್ಳುತ್ತದೆ. ನಾನಂತೂ ಹಾಳಾದ ಜಾಗಕ್ಕೆ ನರ್ಸರಿಯ ಹುಲ್ಲು ತರಲಿಲ್ಲ, ಊರಿನಿಂದ ಗರಿಕೆ ತಂದು ನಾಟಿದ್ದೇನೆ. ಚೌತಿಗೂ ಆಯಿತು.

ತಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ಮಹಾನಗರ ಪಾಲಿಕೆಯವರು ಉದ್ಯಾನಗಳ ಬೇವಿನ ಮರಗಳ ಕೆಳಗೆ ಭರಣಿಯ ಸಂಜೆಗಳಲ್ಲಿ ನಿವಾಸಿಗಳು ಹೀಗೆ ದುಂಬಿ ಹಿಡಿಯಲು ಗೇಟು ಒಂಬತ್ತರವರೆಗೆ ತೆರೆದಿಡಬೇಕು. ತೋಟಗಾರಿಕೆ ಇಲಾಖೆಯವರು ಜಂತುಹುಳ ಮತ್ತು ಮೆಟಾರೈಜಿಯಂ ಪುಡಿಗಳು ಮನೆಯಂಗಳಕ್ಕೆ ಸಾಕಾಗುವಷ್ಟು ಸಣ್ಣ ಪೊಟ್ಟಣಗಳಲ್ಲಿ ನಗರದಲ್ಲೇ ಸಿಗುವಂತೆ ಮಾಡಬೇಕು. ಎಕರೆ ಲೆಕ್ಕದ ಪ್ಯಾಕೆಟ್ಟು ಆರುನೂರು ಚದರಡಿಯವರಿಗೆ ಹೆಚ್ಚಾಗಿ, ಮಿಕ್ಕದ್ದು ಅಟ್ಟದ ಮೇಲೆ ಸತ್ತುಹೋಗುತ್ತದೆ. ಹುಳದ ಗುರುತು ಹಿಡಿಯುವುದರಲ್ಲಿ ಅನುಮಾನವಿರುವವರು ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿ ಮಣ್ಣಿನ ಸಮೇತ ನಾಲ್ಕು ಹುಳ ಹಾಕಿಕೊಂಡು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು, ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಚಿಂತಾಮಣಿ ಬಳಿಯ ಕುರುಬೂರು.

ನಮ್ಮ ಬೀದಿಯ ಹನ್ನೆರಡು ಮನೆಗಳಲ್ಲಿ ಒಂಬತ್ತು ಮನೆಯವರು ಬರಲು ಒಪ್ಪಿದ್ದಾರೆ. ದೋಟಿ ಎರಡು, ಟಾರ್ಪಾಲು ಒಂದು, ಹಳೆಯ ಬಣ್ಣದ ಡಬ್ಬಗಳು ನಮ್ಮ ಮನೆಯ ಶೆಡ್ಡಿನಲ್ಲಿವೆ. ಕಡಲೆಕಾಯಿ ಹುರಿಯುವ ಜವಾಬ್ದಾರಿಯೂ ನನ್ನದೇ.

ಇಂತಿ,
ನಿವೃತ್ತ ಅಂಚೆ ನೌಕರೆ
ಕ್ಯಾತಸಂದ್ರ, ತುಮಕೂರು